ಅರವತ್ತಡಿಗೆ ನಿಂತ ಬಿರುಕು

ನಾನು ಬಾಯಿ ಬಿಟ್ಟಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ನಡೆದೇ ನಡೆಯುತ್ತದೆ. ಈ ವರ್ಷದ್ದನ್ನು ಎದುರಿಗೆ ನಿಂತು ಹೇಳಿಕೊಳ್ಳೋಕೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪ್ರತಾಪ

ನೀರನ್ನು ಜೋರು ಒತ್ತಡದಲ್ಲಿ ನುಗ್ಗಿಸಿದರೆ ನೆಲದಡಿಯ ಬಂಡೆ ಹೇಗೆ ಸೀಳುತ್ತದೆ, ಬಿರುಕು ಯಾವ ಕಡೆ ಎಷ್ಟು ದೂರ ಬೆಳೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕಸುಬು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಇದರಲ್ಲಿ ನನ್ನನ್ನು ಮೀರಿಸಿದವನಿಲ್ಲ. ಈ ಕಸುಬಿನವನೇ ಇನ್ನೊಬ್ಬನಿಲ್ಲ.

ಪಾಂಡವಪುರದ ಆಚೆ, ನಾಲೆ ನೀರು ಹತ್ತದ ದಿಬ್ಬದ ಮೇಲೆ ನನ್ನ ಅಕ್ಕನ ಜಮೀನು. ಕೊಟ್ಟಿಗೆಯಲ್ಲಿ ಐದು ಸೀಮೆ ಹಸು. ಬೋರು ಬತ್ತಿಹೋಗಿ, ಅಕ್ಕ ಕೊಡ ಹೊತ್ತು ಹೊತ್ತು ಸಾಕಾಗಿ, ಹಸುಗಳನ್ನು ಮಾರಿಬಿಡುತ್ತೇನೆ ಅಂತ ಕೂತಿದ್ದಳು.

"ಮಾರ್ಬ್ಯಾಡ ಕಣಕ್ಕ. ಪಂಪಿನ ಲಾರಿ ತರ್ಸಿ, ಬೋರೊಳಕ್ಕೆ ನೀರು ನುಗ್ಗ್ಸಿ ಬಂಡೆ ಸೀಳ್ಸೋಣ. ಸೆಲೆ ಸಿಕ್ತದೆ" ಅಂದೆ.

"ಸಿಕ್ದೆ ಇದ್ರೂ ಚಿಂತಿಲ್ಲ ಕಣ್ಲಾ, ಬೇಲಿಯಾಚೆಯೋರ ಬೋರ್‌ಗೆ ಮಾತ್ರ ಓಗ್ಬಾರ್ದು!" ಬದುವಿನ ಜಗಳಕ್ಕೆ ಹತ್ತು ವರ್ಷದಿಂದ ಆ ಎರಡು ಮನೆಗೂ ಮಾತಿಲ್ಲ.

ಲೆಕ್ಕ ಹಾಕಿದೆ. ಬಿರುಕು ಅರವತ್ತಡಿಗೆ ಠಕ್ಕಂತ ನಿಂತಿತು. ಅವರ ಬೋರು ಇದ್ದದ್ದು ನೂರಡಿ ದೂರದಲ್ಲಿ. ಲ್ಯಾಪ್‌ಟಾಪ್ ತಂದು ತೋರಿಸಿದರೆ ಅಕ್ಕ ಪರದೆಗೆ ಕೈ ಮುಗಿದಳು. ನನಗೇ ಮುಗಿದಳು ಅಂದುಕೊಂಡು ಆಶೀರ್ವಾದ ಮಾಡಿಬಿಟ್ಟೆ.

ಸುತ್ತಿಗೆ ತಾತ

ಚಿನಕುರಳಿ ಕಡೆ ಕಲ್ಲು ಒಡೆದೊಡೆದೇ ಮುದುಕರಾದ ತಾತ ಒಬ್ಬರು ನನ್ನ ಸಾಹಸ ನೋಡಲು ಬಂದರು. ಹೊಲದಲ್ಲಿ ಎದ್ದಿದ್ದ ಬಂಡೆಗೆ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ, ಕಿವಿಗೊಟ್ಟು, "ಈ ಕಲ್ಲು ಮೂಡ್ಲ ಕಡೀಕೆ ಸೀಳೋದು ಸಾ. ಸೀದಾ ಆಚೆ ಬೋರ್ ತಾವ್ಕೇ ಓಯ್ತದೆ" ಅಂದರು.

"ಅರವತ್ತಡಿಗೆ ನಿಲ್ತದೆ ತಾತ."

"ಯಾಕ್ ನಿಲ್ತದೆ?"

ಅದನ್ನು ನಾನು ಯೋಚಿಸಿರಲಿಲ್ಲ. "ಕಂಪ್ಯೂಟರ್ನಲ್ಲಿ ನಿಂತದೆ" ಅಂದೆ.

"ಪಾಪ, ಅದುಕ್ಕೆ ಸುಸ್ತಾಗಿರ್ಬೇಕು ಬುಡಿ" ಅಂದರು.

ಲಾರಿ ಬಂದ ದಿನ

ಪಂಪು ಗುಡುಗಿತು. ಒತ್ತಡದ ಮುಳ್ಳು ಏರಿತು, ಏರಿತು, ದಡಕ್ಕನೆ ಇಳಿಯಿತು. "ಬಂಡೆ ಸೀಳ್ತು!" ಅಂತ ಟವಲ್ ಬೀಸಿ ಕುಣಿದೆ. ಅಷ್ಟರಲ್ಲಿ ಬೇಲಿಯಾಚೆ ಯಾರೋ ಕಿರುಚಿದರು. ಅವರ ಬೋರಿನ ಬಾಯಿಂದ ಕೆಸರು ನೀರು ತೆಂಗಿನ ಗರಿ ತೊಳೆಯುವಷ್ಟು ಎತ್ತರಕ್ಕೆ ಚಿಮ್ಮುತ್ತಿತ್ತು. ಸಂಜೆಗೆ ಅವರ ಪೈಪಿನ ತುಂಬ ನೀರು, ನಮ್ಮ ಪೈಪಿನ ತುಂಬ ಗಾಳಿ.

ಜಗಲಿಯಲ್ಲಿ ಕೂತು ಲೆಕ್ಕ ಬಿಚ್ಚಿದೆ. ನಾನು ಕಂಪ್ಯೂಟರಿಗೆ ಕೊಟ್ಟಿದ್ದ ಬಂಡೆಯ ಉದ್ದವೇ ಅರವತ್ತಡಿ! ಅದರಾಚೆ ಸೀಳೋಕೆ ಕಲ್ಲೇ ಇಲ್ಲದೆ ಬಿರುಕು ನಿಂತಿತ್ತು. ತಲೆ ತಗ್ಗಿಸಿ ಅಕ್ಕನಿಗೆ ಹೇಳಿದೆ.

"ಅಂದ್ರೆ ಬಂಡೆ ಮುಗ್ದಿದ್ದು ನಿನ್ ಕಂಪ್ಯೂಟರ್ನಲ್ಲಿ, ನೀರು ಮುಗ್ದಿದ್ದು ನಮ್ಮನೇಲಿ" ಅಂದಳು.

ಹಸುವಿನ ಸಂಧಾನ

ಮಾರನೇ ಬೆಳಗ್ಗೆ ಬೇಲಿಯಾಚೆಯ ಯಜಮಾನರು ತಾವೇ ಒಂದು ಪೈಪು ಎಳೆದು ತಂದು ಅಕ್ಕನ ತೊಟ್ಟಿಗೆ ನೀರು ಬಿಟ್ಟರು. ಮಾತಿಲ್ಲವಲ್ಲ, ಅದಕ್ಕೆ ಹಸುವಿಗೆ ಹೇಳಿದರು: "ಕುಡಿಯವ್ವ. ನಿಮ್ದೇ ನೀರು, ದಾರಿ ತಪ್ಪಿ ಬಂದದೆ."

"ಬ್ಯಾಡ ಅನ್ನೇ" ಅಂತ ಅಕ್ಕನೂ ಹಸುವಿಗೇ ಹೇಳಿದಳು. ಹಸು ಆಗಲೇ ಕಣ್ಣಿನವರೆಗೂ ತೊಟ್ಟಿಯೊಳಗಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಕ್ಕ ಅದರ ಬೆನ್ನು ಸವರಿದಳು. ಇನ್ನು ಹಸು ಮಾರುವ ಮಾತಿಲ್ಲ ಅಂತ ನನಗೆ ಗೊತ್ತಾಯಿತು.

ಯಜಮಾನರು ನನ್ನತ್ತ ಓರೆಗಣ್ಣು ಹಾಯಿಸಿ ಮತ್ತೆ ಹಸುವಿಗೆ ಅಂದರು: "ನಮ್ದು ಇನ್ನೊಂದು ಬತ್ತೋದ ಬೋರು ಬೇಲಿ ಪಕ್ದಲ್ಲೇ ಅದೆ ಕಣವ್ವ. ನಿಮ್ ಮಾವುಂಗೆ ಅದುಕ್ಕೂ ಲೆಕ್ಕ ಆಕಕ್ಕೇಳು. ಆ ನೀರೂ ದಾರಿ ತಪ್ಪಿ ನಿಮ್ ಬೋರ್‌ಗೇ ಬಂದ್ಬುಡ್ತದೆ."

ನಾನು ಹಸುವಿನ ಹಿಂದಕ್ಕೆ ಸರಿದೆ. ಅಕ್ಕ ಮಾತ್ರ ಹತ್ತು ವರ್ಷಕ್ಕೆ ಮೊದಲ ಸಲ, ಹಸುವನ್ನು ಬಿಟ್ಟು ಅವರ ಮುಖಾನೇ ನೋಡಿ ಅಂದಳು:

"ಬ್ಯಾಡ ಕಣಣ್ಣ. ಅಪ್ಪಿತಪ್ಪಿ ಈ ಸಲ ಇವ್ನ ಲೆಕ್ಕ ಸರಿಯಾಗ್ಬುಟ್ರೆ?"