ಖಾಲಿ ಗಾಡಿ ಕಂಡರಾಗದ ಭಾವ

ನಮ್ಮ ಭಾವನ ಮನೆಯಿಂದ ಇವತ್ತಿನವರೆಗೆ ಯಾರೂ ಬರಿಗೈಯಲ್ಲಿ ವಾಪಸು ಬಂದಿಲ್ಲ. ಇದನ್ನು ಕೇಳಿ ಅವರನ್ನು ದಾನಶೂರ ಅಂದುಕೊಂಡವರು ದಯವಿಟ್ಟು ಟಿ. ನಗರದ ಆ ಮನೆಗೆ ಒಮ್ಮೆ ಹೋಗಿ ಬನ್ನಿ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹೋಗಿ!

ಅಕ್ಕನ ಗಂಡನಾದ ಇವರು ಪೆರುಂಗುಡಿಯ ಒಂದು ಪಾನೀಯದ ಕಂಪನಿಯಲ್ಲಿ ಸಾಗಣೆ ವಿಭಾಗ ನೋಡಿಕೊಳ್ಳುತ್ತಾರೆ. ಸರಕು ಇಳಿಸಿದ ಲಾರಿ ಖಾಲಿ ವಾಪಸು ಬಂದರೆ ಡೀಸೆಲ್ ಸುಟ್ಟು ಊರಿಗೆ ಹೊಗೆ ಹಂಚಿದಂತೆ ಎನ್ನುವುದು ಅವರ ಸಿದ್ಧಾಂತ. ಒಳ್ಳೆಯ ಸಿದ್ಧಾಂತವೇ. ಕಂಪನಿಯಲ್ಲಿ ಅದಕ್ಕೆ ಹಸಿರು ಸಾಗಣೆ ಎಂಬ ಹೆಸರೂ ಇದೆ. ತೊಂದರೆ ಏನೆಂದರೆ, ಅವರ ಕಣ್ಣಿಗೆ ನೆಂಟರೂ ಲಾರಿಗಳೇ.

ನಾನಿರುವುದು ಶೋಳಿಂಗನಲ್ಲೂರಿನಲ್ಲಿ. ಅವರ ಮನೆಗೆ ಹೋಗಿ, ಹೊರಡಲು ಚಪ್ಪಲಿ ಮೆಟ್ಟಿದರೆ ಸಾಕು, “ಪೆರುಂಗುಡಿ ಮೇಲೇ ತಾನೆ ಹೋಗ್ತೀಯ? ಚುಮ್ಮಾ ಖಾಲಿ ಕೈಲಿ ಯಾಕೆ ಹೋಗ್ಬೇಕು?” ಎನ್ನುತ್ತಾರೆ. ಹಾಗೆ ನಾನು ಕೆಟ್ಟ ಗ್ರೈಂಡರ್ ಹೊತ್ತಿದ್ದೇನೆ, ಯಾರದೋ ಮನೆಯ ಬೊಂಬೆ ಹಬ್ಬದ ಮೆಟ್ಟಿಲು ಹೊತ್ತಿದ್ದೇನೆ. ಭಾವನ ಚಿಕ್ಕಪ್ಪ ತೀರಿಕೊಂಡಾಗ ಮಾತಾಡಿಸಿ ಹೋಗಲು ತಾಂಬರಂನಿಂದ ಬಂದ ಮುದುಕರೊಬ್ಬರು ಕಣ್ಣೊರೆಸಿಕೊಂಡು ಎದ್ದರೆ, ಕೈಗೆ ಟೇಬಲ್ ಫ್ಯಾನ್ ಬಂತು. ಅದು ತಾಂಬರಂಗೇ ಹೋಗಬೇಕಿತ್ತಂತೆ! ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಪತ್ರಿಕೆಯಲ್ಲಿ ಕೆಲಸ ಮಾಡುವವನಾದ್ದರಿಂದ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಒಮ್ಮೆ ಆಟೋ ಇಳಿದ ಭಾವ, ಅದು ಖಾಲಿ ಹೋಗಬಾರದೆಂದು ರಸ್ತೆಯಲ್ಲಿ ನಿಂತು ತಾವೇ ಸವಾರಿ ಕೂಗತೊಡಗಿದರು. ಮನೆಗೆ ಹೋಗಿ ಊಟ ಮಾಡಬೇಕು ಸಾರ್ ಎಂದು ಡ್ರೈವರ್ ಕೈ ಮುಗಿದ. ಭಾವ ಕರಗಿದರು. ಅವನ ಮನೆಯ ದಿಕ್ಕಿಗೇ ಹೋಗುವ ಇಬ್ಬರನ್ನು ಹುಡುಕಿ ಹತ್ತಿಸಿದರು.

ಹೋದ ವರ್ಷ ಅವರು ಕಂಪನಿಯನ್ನು ಕಾಡಿ ಬೇಡಿ ಒಂದು ಪ್ರಯೋಗಕ್ಕೆ ಒಪ್ಪಿಸಿದರು. ನನ್ನಾರಿ ಎಂಬ ಸೊಗದೆಬೇರಿನ ಷರಬತ್ತು ಪ್ಲಾಸ್ಟಿಕ್ ಬಿಟ್ಟು ಗಾಜಿನ ಬಾಟಲಿಯಲ್ಲಿ ಮನೆಮನೆಗೆ ಹೋಗಬೇಕು. ಬ್ಯಾಟರಿ ಗಾಡಿ ತುಂಬಿದ್ದನ್ನು ಇಳಿಸಿ ಖಾಲಿಯಾದದ್ದನ್ನು ಏರಿಸಿಕೊಂಡು ಬರಬೇಕು. ತೊಳೆದು ಮತ್ತೆ ತುಂಬಬೇಕು. ತೊಳೆಯುವ ಶೆಡ್ಡಿಗೆ ಎಂಟು ಹೆಂಗಸರನ್ನು ತಾವೇ ಹುಡುಕಿ ತಂದರು. ಅವರೆಲ್ಲ ಇವರೊಬ್ಬರ ಮಾತು ನಂಬಿ ಇದ್ದ ಮನೆಗೆಲಸ ಬಿಟ್ಟು ಬಂದವರು. ಮೂರು ತಿಂಗಳಲ್ಲಿ ಬಾಟಲಿಗಳು ಸರಿಯಾಗಿ ಹಿಂತಿರುಗದಿದ್ದರೆ ಶೆಡ್ಡು ಬಂದ್ ಎಂದಿತು ಕಂಪನಿ.

ಬಾಟಲಿಗಳು ಹಿಂತಿರುಗಲಿಲ್ಲ! ಗಾಡಿ ಖಾಲಿ ಬರುವುದನ್ನು ನೋಡಿ ಭಾವನಿಗೆ ಊಟ ಸೇರದಾಯಿತು. ದಿನಕ್ಕೆ ನಾಲ್ಕು ಸಲ ಅವರ ಫೋನು ಬಂದು ನಮಗೂ ಸೇರದಾಯಿತು. ಗಾಡಿಯ ದಾರಿ ಬದಲಿಸಿದರು, ಹೊತ್ತು ಬದಲಿಸಿದರು. ಕೊನೆಗೆ “ನೀನು ಪೇಪರ್‌ನವನಲ್ವಾ, ಎಲ್ಲಿ ಹೋಗ್ತಿದೆ ಅಂತ ವಿಚಾರಿಸಯ್ಯ” ಎಂದು ನನ್ನ ತಲೆಗೆ ಕಟ್ಟಿದರು.

ತನಿಖೆ ಹೆಚ್ಚು ದೂರ ಹೋಗಲಿಲ್ಲ. ನೀರು ಕುಡಿಯಲೆಂದು ಅಕ್ಕನ ಅಡುಗೆಮನೆಗೆ ಹೋದೆ. ಸಾಲಾಗಿ ಕಂಪನಿಯ ಬಾಟಲಿಗಳು! ಒಂದರಲ್ಲಿ ಎಳ್ಳೆಣ್ಣೆ, ಒಂದರಲ್ಲಿ ಡಿಕಾಕ್ಷನ್, ಒಂದರಲ್ಲಿ ಕಾಶಿಯ ಗಂಗೆ, ಉಳಿದುವೆಲ್ಲ ಪುಳಿಯೋಗರೆ ಗೊಜ್ಜು. ನನ್ನ ಹಿಂದೆಯೇ ಬಂದ ಭಾವ ಬಾಟಲಿಗಳನ್ನು ಬೆರಳಿಟ್ಟು ಎಣಿಸತೊಡಗಿದರು.

“ಮೂಡಿ ಎಷ್ಟು ಟೈಟಾಗಿದೆ ನೋಡಿ, ಒಂದು ತೊಟ್ಟೂ ಸೋರಲ್ಲ,” ಎಂದಳು ಅಕ್ಕ, ಮುಚ್ಚಳ ತಟ್ಟುತ್ತಾ. “ಬಂದೋರಿಗೆಲ್ಲ ಇದರಲ್ಲೇ ಗೊಜ್ಜು ಕೊಟ್ಟು ಕಳಿಸ್ತೀನಿ. ಯಾರನ್ನೂ ಬರಿಗೈಲಿ ಕಳಿಸಬಾರದು ಅಂತ ಕಲಿಸಿದ್ದು ನೀವು ತಾನೆ?”

ಗೊಜ್ಜಿಗೂ ಮುಚ್ಚಳಕ್ಕೂ ಮನಸೋತ ನೆಂಟರೆಲ್ಲ ಅದೇ ಷರಬತ್ತು ತರಿಸಿ, ಅದೇ ಪದ್ಧತಿ ಹಿಡಿದಿದ್ದರು. ಅವರಿಂದ ಅಕ್ಕಪಕ್ಕದವರು ಕಲಿತಿದ್ದರು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುವ ಭಾವನ ಮಗಳು ರೂಮಿನಿಂದ ತೀರ್ಪು ಕೊಟ್ಟಳು: “ಅಪ್ಪಾ, ಲೀಕ್ ನೀಂಗದಾನ್.” ಸೋರುತ್ತಿರುವ ತೂತು ಅಪ್ಪನೇ ಅಂತೆ!

ಉಳಿದದ್ದು ಹತ್ತು ದಿನ. ಭಾವ, ನಾನು ಇಬ್ಬರೂ ರಜೆ ಹಾಕಿ ಬ್ಯಾಟರಿ ಗಾಡಿಯಲ್ಲಿ ಮನೆಮನೆ ಸುತ್ತಿದೆವು. ಬಾಗಿಲು ತೆರೆದವರ ಮುಂದೆ ಭಾವ ಸ್ಟೀಲ್ ಡಬ್ಬ ಹಿಡಿಯುವುದು, ಗೊಜ್ಜು ಅದಕ್ಕೆ ಸುರಿಸುವುದು, ಎಂಟು ಹೆಂಗಸರ ಕತೆ ಹೇಳಿ ಬಾಟಲಿ ಎತ್ತಿಕೊಳ್ಳುವುದು. ಕತೆ ಕೇಳಿದ ಕೆಲವರು ಪಕ್ಕದ ಮನೆಯವನ್ನೂ ತಂದುಕೊಟ್ಟರು. ಜಾಗ ಸಾಲದೆ ತಳದಲ್ಲಿ ಎಣ್ಣೆ ಉಳಿದಿದ್ದ ಬಾಟಲಿಗಳು ನನ್ನ ತೊಡೆಯ ಮೇಲೆ ಕೂತು ಬಂದವು. ಒಂದು ತೊಟ್ಟೂ ಸೋರುವುದಿಲ್ಲ ಎಂಬ ಅಕ್ಕನ ಹೇಳಿಕೆ ಸುಳ್ಳೆಂದು, ನನ್ನ ಪ್ಯಾಂಟಿನ ಆಧಾರದ ಮೇಲೆ, ಇಲ್ಲಿ ದಾಖಲಿಸುತ್ತಿದ್ದೇನೆ.

ಕೊನೆಯ ದಿನ ಕಂಪನಿಯ ದೊಡ್ಡವರು ಬಂದು ಕ್ರೇಟುಗಳನ್ನೆಲ್ಲ ನೋಡಿ, ಭಾವನನ್ನು ಒಳಗೆ ಕರೆದರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತೆ. ನಲ್ಲಿಗಳೆಲ್ಲ ಸುಮ್ಮನಿದ್ದವು. ಹೆಂಗಸರು ಒದ್ದೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಾಯುತ್ತಿದ್ದರು.

ಭಾವ ಬಂದರು. ಶೆಡ್ಡು ಇನ್ನೊಂದು ವರ್ಷ ನಡೆಯುತ್ತದೆ ಎಂದು ಹೇಳಬೇಕಿತ್ತು, ಅಷ್ಟೇ. “ಇನ್ನುಂ ಒರು ವರುಷಂ...” ಎಂದು ಶುರು ಮಾಡಿದವರು ಮಾತು ಅರ್ಧಕ್ಕೇ ಬಿಟ್ಟು, ಒಂದು ಕ್ರೇಟನ್ನು ಬೋರಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತರು. ಭುಜ ಅಲುಗುತ್ತಿತ್ತು.

ಹೆಂಗಸರಲ್ಲಿ ಹಿರಿಯಳಾದ ಸೆಲ್ವಿ ಭಾವನನ್ನೊಮ್ಮೆ ನೋಡಿದಳು. ಹೋಗಿ ತನ್ನ ನಲ್ಲಿ ತಿರುಗಿಸಿದಳು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಬಾಟಲಿ ಇನ್ನೂ ಯಾರ ಕೈಯಲ್ಲೂ ಇರಲಿಲ್ಲ. ಆದರೂ ಎಂಟೂ ನಲ್ಲಿಗಳನ್ನು ಪೂರ್ತಿ ಬಿಟ್ಟಳು, ಶೆಡ್ಡಿನಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಯಾರಿಗೂ ಕೇಳಿಸದಷ್ಟು.