ವೀರಗಲ್ಲು, ಕೆಂಪು ಬಟ್ಟೆ, ಹನ್ನೊಂದು ಸಹಿ

ಗಂಗಾವತಿ ತಾಲ್ಲೂಕನ್ನೆಲ್ಲ ತಂದು ತಮ್ಮೂರಿನ ವೀರಗಲ್ಲಿನ ಮುಂದೆ ನಿಲ್ಲಿಸುತ್ತೇನೆ ಎಂದು ಅಂಜಲಿ ಶಪಥ ಮಾಡಿದಾಗ ಅವಳಪ್ಪ ಪಂಪಾಪತಿ ರೊಟ್ಟಿ ಮುರಿಯುತ್ತಿದ್ದ. ಮುರಿಯುವುದನ್ನು ನಿಲ್ಲಿಸಲಿಲ್ಲ.

"ತಾಲ್ಲೂಕು ಬ್ಯಾಡ, ಹತ್ತು ಮಂದಿನ್ನ ತಾ. ಐತವಾರದೊಳಗ ಹತ್ತು ಮಂದಿ ಬಂದು ನಿನ್ನ ಪುಸ್ತಕದಾಗ ಸಹಿ ಹಾಕಿದ್ರ ನಿನ್ನ ಸಾಣಾಪುರಕ್ಕ ಗೈಡ್ ಕೆಲಸಕ್ಕ ಕಳಸ್ತೀನಿ. ಇಲ್ಲಂದ್ರ ಸುಮ್ನ ಪರೀಕ್ಷಾ ಫಾರಂ ತುಂಬಬೇಕು."

"ಹತ್ತು ಯಾಕ, ಹನ್ನೊಂದು ತರ್ತೀನಿ."

ಮನೆಯೊಳಗೆ ಹೀಗೆ ಗುಡುಗುವ ಅಂಜಲಿ ಹೊರಗಿನವರು ಹೆಸರು ಕೇಳಿದರೆ ನೆಲ ನೋಡುವವಳು. ಹತ್ತನೆಯ ತರಗತಿಯಲ್ಲಿ ಕನ್ನಡದಲ್ಲೇ ಫೇಲಾಗಿ ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಬರೆಯಲು ಬಾರದೆ ಫೇಲಾದವಳಲ್ಲ. ಒಂದೊಂದು ಅಕ್ಷರವನ್ನೂ ಮುತ್ತಿನಂತೆ ಪೋಣಿಸಿ ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತ್ತು.

ಸಾಣಾಪುರದ ಕೆರೆಯ ಹತ್ತಿರ ಅವಳು ಒಂದು ಆಟ ನೋಡಿದ್ದಳು. ಫೋನು ತೋರಿಸಿದ ಜಾಗಕ್ಕೆ ಹೋಗಬೇಕು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಸಹಿ ಹಾಕಿ ಡಬ್ಬಿಯನ್ನು ಮೊದಲಿನಂತೆ ಇಟ್ಟು ಬರಬೇಕು. ಜಿಯೋಕ್ಯಾಶಿಂಗ್ ಅಂತೆ. ಡಬ್ಬಿಯ ನೆಪದಲ್ಲಿ ಜನ ಹಳೆಯ ಗುಡಿ, ಕೋಟೆ, ಕಲ್ಲುಗಳನ್ನೂ ನೋಡುತ್ತಾರೆ. ತಮ್ಮೂರಲ್ಲೂ ಒಂದು ವೀರಗಲ್ಲಿದೆ, ಗಾದಿಲಿಂಗಪ್ಪ ಕಾಕಾನ ಗದ್ದೆಯ ಬದುವಿನಲ್ಲಿ. ಕಾಕಾ ಅದಕ್ಕೆ ಎಮ್ಮೆ ಕಟ್ಟುತ್ತಾನೆ.

ಕೆಲಸಕ್ಕೆ ಇಳಿದ ಅಂಜಲಿ ಎಚ್ಚರಿಕೆಗೆ ಕೈಕಾಲು ಬಂದಂತಿದ್ದಳು. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿಯುತ್ತದೆಂದು ಅಡುಗೆಮನೆಯ ಸ್ಟೀಲ್ ಡಬ್ಬಿ ಎತ್ತಿದಳು. ಪುಸ್ತಕಕ್ಕೆ ತೇವ ತಗಲದಿರಲೆಂದು ಒಂದು ಹಿಡಿ ಅಕ್ಕಿ. ಇರುವೆಗೆ ಕರ್ಪೂರ. ಹುಳಕ್ಕೆ ಬೇವಿನ ಎಲೆ. ಹುಡುಕಿದವರಿಗೆ ಕಾಣಿಕೆ ಇರಬೇಕೆಂಬುದು ಆಟದ ಪದ್ಧತಿ, ಅದಕ್ಕೆ ನಾಲ್ಕು ಹಸಿರು ಬಳೆ. ಕಣ್ಣಿಗೆ ಬೀಳಲೆಂದು ಕೆಂಪು ಕುಪ್ಪಸದ ಬಟ್ಟೆ ಸುತ್ತಿದಳು. ನಾಯಿ ಬಿಚ್ಚದಿರಲೆಂದು ಕರಿ ದಾರದಿಂದ ಏಳು ಸುತ್ತು ಬಿಗಿದಳು. ಕಲ್ಲಿನ ಬುಡದಲ್ಲಿಟ್ಟು, ಜಾಗವನ್ನು ಫೋನಿನಲ್ಲಿ ಆ ಆಟಕ್ಕೇರಿಸಿ ಕಾದಳು.

ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೆಯ ದಿನ, ಶನಿವಾರ, ಕಾಕಾನ ಗದ್ದೆಯಲ್ಲಿ ನಾಟಿ. ಶೇಖರಮ್ಮನ ಗುಂಪಿನ ಹತ್ತು ಹೆಂಗಸರು ಬಂದರು. ಅವರಲ್ಲಿ ಅಂಜಲಿಯ ತಾಯಿ ಯಮನೂರಮ್ಮನೂ ಒಬ್ಬಳು. ಸಸಿ ಎತ್ತಿಕೊಡಲು ಅಂಜಲಿ ಜೊತೆಗೆ ಹೋಗಿದ್ದಳು. ಬುತ್ತಿ ಬಿಚ್ಚಲು ಎಂದಿನಂತೆ ಕಲ್ಲಿಗೆ ಒರಗಿದ ಶೇಖರಮ್ಮ ತಟ್ಟನೆ ಎದ್ದು ನಿಂತಳು.

"ಯಾರೂ ಇತ್ತಾಗ ಕಾಲಿಡಬ್ಯಾಡ್ರಿ. ಇಲ್ಲೇನೋ ಮಾಡ್ಸ್ಯಾರ."

ಕೋಲಿನ ತುದಿಯಲ್ಲಿ ದಾರ ಹರಿದು ಬಟ್ಟೆ ಸರಿಸಿದಳು. ಮುಚ್ಚಳ ಹಾರಿತು.

"ಅಕ್ಕಿ ಐತಿ. ಕರ್ಪೂರ ಐತಿ. ಬೇವು ಐತಿ. ಬಳಿ ಐತಿ. ಒಂದು ಲಿಂಬಿಹಣ್ಣು ಮರತಾರ, ಅಷ್ಟ."

"ಮುಚ್ಚಳದ ಮ್ಯಾಲೆ ಹೆಸರೂ ಐತಿ ನೋಡ್ರಿ," ಎಂದು ಓದು ಬಲ್ಲ ಒಬ್ಬಳು ಬಗ್ಗಿದಳು. "ಯಮನೂರಮ್ಮ."

ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆ ಬೇರೆ ಮನೆಯ ಪಾತ್ರೆಗಳೊಂದಿಗೆ ಬೆರೆಯದಿರಲೆಂದು ಹೆಸರು ಕೊರೆಸುವುದು ವಾಡಿಕೆ. ಎಚ್ಚರಿಕೆಯ ಅಂಜಲಿ ಅದೊಂದನ್ನು ಮಾತ್ರ ನೋಡಿರಲಿಲ್ಲ. ಒಂಬತ್ತು ಜನ ಯಮನೂರಮ್ಮನಿಂದ ಎರಡು ಹೆಜ್ಜೆ ದೂರ ಸರಿದರು.

"ನನ್ನ ತವರುಮನಿ ಡಬ್ಬಿ!" ಯಮನೂರಮ್ಮ ಎದೆಗೆ ಕೈ ಹಚ್ಚಿದಳು. "ಮೂರು ದಿನದಿಂದ ಹುಡುಕಾಕತ್ತೀನಿ. ಇದನ್ನ ಕದ್ದು ಇಲ್ಲಿ ಇಟ್ಟಾಕಿ ಕೈಗೆ ಹುಳ ಬೀಳ್ಲಿ. ಆಕಿ ಮದ್ವಿ ಏಳು ಜನ್ಮ ಆಗದಂಗ ಆಗ್ಲಿ."

"ಯವ್ವಾ," ಎಂದಳು ಅಂಜಲಿ ಹಿಂದಿನಿಂದ, "ಕೈಯಿಂದು ಇರ್ಲಿ, ಮದ್ವಿದ್ದು ವಾಪಸ್ ತಗೋ. ಇಟ್ಟಾಕಿ ನಾನು."

ಹತ್ತು ಜೋಡಿ ಕಣ್ಣು ತಿರುಗಿದವು. ಬೇರೆ ದಿನವಾಗಿದ್ದರೆ ಅಂಜಲಿ ನೆಲ ನೋಡುತ್ತಿದ್ದಳು. ಅಂದು ನೋಡಲಿಲ್ಲ. ಕಾಲುವೆಯಿಂದ ಕೊಡ ನೀರು ತಂದು ಕಲ್ಲಿನ ಮೇಲೆ ಸುರಿದಳು. ವರ್ಷಗಳ ಕೆಸರು, ಸಗಣಿ ಇಳಿದುಹೋಯಿತು.

"ಇದು ಮಾಟ ಅಲ್ಲ. ಕಲ್ಲು ನೋಡಾಕ ಮಂದಿನ್ನ ಕರೆಯೋ ಆಟ. ನೋಡ್ರಿ, ಕೈಯಾಗ ಕತ್ತಿ ಹಿಡದು ನಿಂತಾನ. ಕೆಳಗ ಆಕಳ ಅದಾವು. ದನ ಬಿಡಿಸಿಕೊಂಡು ಬರಾಕ ಹೋಗಿ ಸತ್ತವನ ಕಲ್ಲು ಇದು. ಎಮ್ಮಿ ಕಟ್ಟಾಕ ನಿಲ್ಲಿಸಿದ್ದಲ್ಲ."

"ಇಪ್ಪತ್ತು ವರ್ಸ ಇದಕ್ಕ ಬೆನ್ನು ಹಚ್ಚಿ ಉಂಡೀನಿ," ಎಂದಳು ಶೇಖರಮ್ಮ ನಿಧಾನವಾಗಿ. "ಬೆನ್ನಿಗೆ ಚುಚ್ಚೋದು ಕತ್ತಿ ಅಂತ ಗೊತ್ತಿರಲಿಲ್ಲ."

ಆದರೂ ಯಾರೂ ಗದ್ದೆಗೆ ಇಳಿಯಲಿಲ್ಲ. ಕಿತ್ತಿಟ್ಟ ಸಸಿ ಬಿಸಿಲಿಗೆ ಬಾಡುತ್ತಿತ್ತು. ಗಾದಿಲಿಂಗಪ್ಪ ಕಾಕಾ ಓಡಿ ಬಂದ.

"ಹುಡುಗಿ ಆಟ ಅಂತ ಹೇಳಾಕತ್ತೈತಲ್ಲ, ಇಳೀರಿ ಬೇ."

"ಆಕಿ ಆಟ ಅಂತಾಳ. ನಾಳೆ ಪೊಲೀಸ್ರು ನಿಧಿ ತೆಗಿಯಾಕ ಪೂಜಿ ಮಾಡೀರಿ ಅಂದ್ರ?" ಎಂದಳು ಶೇಖರಮ್ಮ. "ನಮಗೂ ಇದಕ್ಕೂ ಸಂಬಂಧ ಇಲ್ಲಂತ ಬರದು ನೀನೂ ಸಹಿ ಮಾಡಿದ್ರ ಇಳೀತೀವಿ."

ಗದ್ದೆಯಲ್ಲಿ ಕಾಗದವೆಲ್ಲಿಯದು? ಇದ್ದದ್ದು ಡಬ್ಬಿಯೊಳಗಿನ ಪುಸ್ತಕ ಒಂದೇ. ಕಾಕಾ ಹೇಳಿದ, ಅಂಜಲಿ ಬರೆದಳು. ಸಸಿ ಬಾಡುತ್ತಿದ್ದರಿಂದ ಬೇಗ ಬೇಗ ಬರೆದಳು, ತಿರುಗಿ ಓದಲಿಲ್ಲ. ಬರೆದು, ಸಹಿಗೆಂದು ಅಂಕಿ ಹಾಕಿ ಗೆರೆ ಎಳೆದಳು. ಹತ್ತು ಹೆಂಗಸರು ಸಹಿ ಹಾಕಿದರು, ಇಲ್ಲವೇ ಹೆಬ್ಬೆಟ್ಟು ಒತ್ತಿದರು, ಕೊನೆಗೆ ಕಾಕಾ.

ಹನ್ನೊಂದು! ಅಂಜಲಿ ಪುಸ್ತಕವನ್ನು ಎದೆಗವಚಿಕೊಂಡಳು.

ಸಂಜೆ ಪಂಪಾಪತಿ ಕಾಲು ತೊಳೆಯುವುದನ್ನೂ ಕಾಯದೆ ಪುಸ್ತಕವನ್ನು ಅವನ ಕೈಗಿಟ್ಟಳು. "ಎಣಿಸು, ಎಪ್ಪಾ. ಸಸಿ ಬಾಡೂದ್ರೊಳಗ ಬರದು ಸಹಿ ಹಾಕಿಸೀನಿ. ಸೋಮವಾರ ನಾ ಸಾಣಾಪುರಕ್ಕ ಹೊಂಟೆ."

ಪಂಪಾಪತಿ ಬೆರಳಿಟ್ಟು ಎಣಿಸಿದ. "ಹನ್ನೊಂದು. ಬರೋಬ್ಬರಿ ಐತಿ." ಆಮೇಲೆ ಪುಸ್ತಕವನ್ನು ಬೆಳಕಿಗೆ ಹಿಡಿದು, ಸಹಿಗಳ ಮೇಲಿನ ಎರಡು ಸಾಲನ್ನು ಗಟ್ಟಿಯಾಗಿ ಓದಿದ.

"'ಈ ಕೆಳಗೆ ಸಹಿ ಮಾಡಿದ ನಾವು ಯಾರೂ ಇಲ್ಲಿಗೆ ಬಂದಿಲ್ಲ, ಈ ಕಲ್ಲನ್ನು ನೋಡಿಲ್ಲ, ಈ ಡಬ್ಬಿಯನ್ನು ಮುಟ್ಟಿಲ್ಲ.'"

ಒಳಗೆ ಯಮನೂರಮ್ಮ ಡಬ್ಬಿಯನ್ನು ಮೂರನೆಯ ಸಲ ತಿಕ್ಕುತ್ತಿದ್ದ ಸದ್ದು ನಿಂತಿತು.

"ಕಲ್ಲಿನ್ಯಾಗ ಆಕಳ ಅದಾವು ಅನ್ನೋದು ಈಗ ಎಲ್ಲಾರಿಗೂ ಗೊತ್ತಾಗೇತಿ," ಎಂದಳು ಅಂಜಲಿ. ಸೋತ ದನಿಯಲ್ಲಿ ಹೇಳಲಿಲ್ಲ. "ಕಾಕಾನೂ ಎಮ್ಮಿ ಬಿಚ್ಚಿಕೊಂಡು ಹೋದ."

"ಹೋಗ್ಲಿ ಬಿಡು," ಎಂದ ಪಂಪಾಪತಿ, ಗೂಡಿನಿಂದ ಫಾರಂ ತೆಗೆದು ಪುಸ್ತಕದ ಮೇಲಿಟ್ಟು. "ಒಂದು ಅಕ್ಷರ ತಪ್ಪಿಲ್ಲ, ಟೈಮಿಗೂ ಮುಗಿಸೀ. ಈ ಸಲ ಕನ್ನಡದಾಗ ಪಾಸಾಗ್ತಿ."