ನನ್ನ ಹೃದಯಚಕ್ರ ಅರಳಿದ ಪ್ರಸಂಗ

ಕುಳಿತಲ್ಲಿ ಕುಳಿತಿರಲಾರದವನು ಎಂಬ ಬಿರುದು ನನಗೆ ಮನೆಯಲ್ಲಿ ಸಿಕ್ಕು ಮೂರು ವರ್ಷವಾಯಿತು. ಪೇಪರಿನ ಮೊದಲ ಪುಟವನ್ನು ಕಟ್ಟೆಯ ಮೇಲೆ ಓದುತ್ತೇನೆ, ಎರಡನೆಯದನ್ನು ಅಡುಗೆಮನೆಯಲ್ಲಿ. ಕ್ರೀಡಾಪುಟಕ್ಕೆ ಬರುವಷ್ಟರಲ್ಲಿ ಗೇಟಿನ ಹೊರಗೆ ನಿಂತಿರುತ್ತೇನೆ. ಊಟಕ್ಕೆ ಕುಳಿತರೆ ಎಡಗಾಲು ಕುಣಿಯುತ್ತದೆ. ಅದರ ಜೊತೆ ಟೇಬಲ್ಲು, ಟೇಬಲ್ಲಿನ ಜೊತೆ ಸಾರು. ಡಾಕ್ಟರು ಎದೆಗೆಲ್ಲ ವೈರು ಅಂಟಿಸಿ ನೋಡಿ, "ಹಾರ್ಟ್ ಛಲೋ ಐತ್ರಿ, ಚಿಂತಿ ಬಿಡ್ರಿ" ಎಂದರು. (ಚಿಂತೆ ಬಿಡುವುದು ಹೇಗೆಂದು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ.)

ತಾರಿಹಾಳದ ನನ್ನ ವರ್ಕ್‌ಶಾಪಿನಲ್ಲಿ ಲೇಥ್ ಮಶೀನು ಗರಗರ ತಿರುಗಿದರೂ ಒಂದೇ ಜಾಗದಲ್ಲಿರುತ್ತದೆ, ಅಷ್ಟು ಬುದ್ಧಿಯೂ ನನಗಿಲ್ಲ ಎಂಬುದು ನನ್ನ ಹೆಂಡತಿ ರಜನಿಯ ದೂರು. ಕಡೆಗೆ ಅವಳು ನಮ್ಮ ಗೋಪನಕೊಪ್ಪದ ಪಕ್ಕದ ಓಣಿಯಲ್ಲೇ ಧ್ಯಾನ ಕಲಿಸುವ ಪ್ರಭಾವತಿ ಮೇಡಮ್ಮರ ಮುಂದೆ ನನ್ನನ್ನು ಒಯ್ದು ಕೂರಿಸಿದಳು. ಮೇಡಮ್ಮು ಸಾಲಿ ಶಿಕ್ಷಕಿಯಾಗಿ ನಿವೃತ್ತರಾದವರು. ಧ್ಯಾನಕ್ಕೂ ಹಾಜರಿ ಹಾಕುತ್ತಾರೆ.

"ಎದಿಯೊಳಗ ಅನಾಹತ ಚಕ್ರ ಇರತೈತ್ರಿ," ಎಂದರು. "ಹನ್ನೆರಡು ದಳದ ಕಮಲ. ಗಾಳಿ ಅದರ ತತ್ತ್ವ, ಜಿಂಕಿ ಅದರ ವಾಹನ."

ಜಿಂಕೆ ಎಂದ ಕೂಡಲೇ ರಜನಿ ನನ್ನ ಎಡಗಾಲು ನೋಡಿದಳು.

"ಎರಡು ವಸ್ತು ಬಡದ್ರ ಸಪ್ಪಳ ಆಗತೈತಿ, ಹೌದಲ್ರಿ? ಯಾವುದೂ ಬಡೀಲಾರದ ಎದಿಯೊಳಗ ಒಂದು ನಾದ ನಡದಿರತೈತಿ. ಅದು ಅನಾಹತ. ಯಾರ ಮ್ಯಾಲರ ಸಿಟ್ಟು ಇಟ್ಕೊಂಡವ್ರಿಗೆ ಅದು ಕೇಳಂಗಿಲ್ಲ. ನೀವು ಯಾರ ಜೋಡಿನರ ಮಾತು ಬಿಟ್ಟೀರೇನು?"

"ಇಲ್ರಿ," ಎಂದೆ.

"ಬಿಟ್ಟಾರ್ರಿ. ಒಡಹುಟ್ಟಿದ ಅಣ್ಣನ ಜೋಡಿ," ಎಂದಳು ರಜನಿ. "ಎದಿ ಮ್ಯಾಲೆ ಲಿಂಗ, ಎದಿ ಒಳಗ ಸಿಟ್ಟು. ಲಿಂಗ ಬಿಚ್ಚಿಡಬಾರದು, ಖರೇ. ಸಿಟ್ಟೂ ಬಿಚ್ಚಿಡಬಾರದು ಅಂತ ಯಾವ ಸ್ವಾಮಿಗೋಳು ಹೇಳ್ಯಾರ್ರಿ?"

ನೀವೇ ನ್ಯಾಯ ಹೇಳಿ. ಉಣಕಲ್ಲಿನಲ್ಲಿರುವ ನನ್ನ ಅಣ್ಣ ಕುಬೇರಪ್ಪ ಮೂರು ವರ್ಷದ ಹಿಂದೆ ಮಗಳ ಮದುವೆ ಮಾಡಿದ. ಒಡಹುಟ್ಟಿದವರನ್ನು ಮನೆಗೆ ಬಂದು, ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕು. ನನಗೆ ಲಗ್ನಪತ್ರಿಕೆ ಬಂದದ್ದು ಮೊಬೈಲಿನ ಗ್ರೂಪಿನಲ್ಲಿ, ಕೆಳಗೆ 'ಸರ್ವರಿಗೂ ಆದರದ ಸ್ವಾಗತ' ಎಂದು. ಸರ್ವರಲ್ಲಿ ನಾನೂ ಒಬ್ಬ! ನಾನು ಹೋಗಲಿಲ್ಲ. ರಜನಿ ಹೋಗಿ, ಮೂರು ದಿನ ಇದ್ದು, ಅಣ್ಣ ಕೊಟ್ಟ ಆಯೇರಿಯ ಸೀರೆ ಉಟ್ಟುಕೊಂಡೇ ಬಂದಳು. ಆಮೇಲೆ ಎರಡು ಸಲ ಅವನು ನಮ್ಮ ಮನೆಗೆ ಬಂದಾಗ ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ. ಅವನೂ ಬಾಗಿಲಲ್ಲಿ ನಿಂತು ನೋಡಿ, ಮಾತನಾಡಿಸದೆ ತುದಿಗಾಲಲ್ಲಿ ಹೋದ. (ಸೊಕ್ಕು ನೋಡಿ!)

ಇರಲಿ. ಸಾಧನೆ ಆರಂಭಿಸಿದೆ. 'ಯಂ' ಎಂಬ ಬೀಜಾಕ್ಷರ ಹಿಡಿದು ದಳಕ್ಕೊಬ್ಬರಂತೆ ಕ್ಷಮಿಸುತ್ತ ಹೋದೆ. ನೀರು ಬೆರೆಸುವ ಹಾಲಿನವ, ಮೀಸೆಯ ಒಂದು ಬದಿ ಹೆಚ್ಚು ಕತ್ತರಿಸಿದವ, ನನ್ನ ಏಣಿ ಒಯ್ದು ಮರೆತ ನೆರೆಯವ, ಹೀಗೆ ಹನ್ನೊಂದು ಜನ ಪಾವನರಾದರು. (ಅವರಿಗೆ ಸುದ್ದಿ ತಿಳಿಸಲಿಲ್ಲ.) ಹನ್ನೆರಡನೆಯ ದಳದಲ್ಲಿ ಅಣ್ಣ ಕುಳಿತಿದ್ದ. ಅಷ್ಟರಲ್ಲಿ ದಸರೆಯೂ ಬಂತು. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೈಗಿಟ್ಟರೆ ನಮ್ಮ ಕಡೆ ವೈರಿಯೂ ತಬ್ಬಿಕೊಳ್ಳುತ್ತಾನೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಉಂಟೆ?

"ಬರೇ ಬನ್ನಿ ಕೊಟ್ಟು, ಕಾಲಿಗೆ ಬಿದ್ದು ಬರೂಣು. ಹಳೇದು ಕೆದಕಬ್ಯಾಡ್ರಿ, ನಿಮ್ಮ ಕೈ ಮುಗೀತೇನಿ," ಎಂದು ರಜನಿ ಆಟೋದಲ್ಲಿ ಮೂರು ಸಲ ಹೇಳಿದಳು. ಸಾಧಕರ ಮನಸ್ಸು ಸಂಸಾರಿಗಳಿಗೆ ಎಲ್ಲಿ ತಿಳಿಯಬೇಕು!

ಅಣ್ಣ ನನ್ನನ್ನು ಕಂಡವನೇ ಓಡಿಬಂದು ರಟ್ಟೆ ಹಿಡಿದ. "ಏ ಗುರುಬಸವ! ಸಾವಕಾಶ, ಸಾವಕಾಶ! ಮೆಟ್ಟಲಾ ಯಾಕ ಹತ್ತಿದ್ಯೋ ತಮ್ಮಾ? ಬೆನ್ನು ಹೆಂಗೈತಿ?"

ಬೆನ್ನಿನ ಮಾತು ಯಾಕೆ ಬಂತೆಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ಬನ್ನಿ ಕೊಟ್ಟು, ರಜನಿ ಚಿವುಟುತ್ತಿದ್ದರೂ, ಕಂಠಪಾಠ ಮಾಡಿದ್ದನ್ನು ಒಪ್ಪಿಸಿದೆ. "ಅಣ್ಣಾ, ನಾ ನಿನ್ನ ಕ್ಷಮಾ ಮಾಡೇನಿ."

"ಯಾತಕ್ಕೋ?"

"ಲಗ್ನಕ್ಕ ಮನಿಗೆ ಬಂದು ಕರೀಲಿಲ್ಲಲ್ಲ, ಅದಕ್ಕ ನಾ ಬಂದಿದ್ದಿಲ್ಲ. ಹೋಗ್ಲಿ ಬಿಡು."

"ಸಿಟ್ಟಿಗೆ ಬಂದಿದ್ದಿಲ್ಲ? ಮತ್ತ... ಬೆನ್ನಾಗಿನ ಮಣಿ ಸರದದ್ದು?"

"ನನ್ನ ಬೆನ್ನಿಗೇನಾಗೇತಿ? ಕಲ್ಲಿದ್ದಂಗ ಐತಿ!"

ರಜನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಣ್ಣ ನನ್ನ ರಟ್ಟೆ ಬಿಟ್ಟ. "ಕಾಕಾ ಬರಲಿಲ್ಲಂತ ನನ್ನ ಮಗಳು ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಅತ್ತಳೋ. ನಿನ್ನ ಬೆನ್ನು ನೆಟ್ಟಗಾಗಲಿ ಅಂತ ಮೂರು ವರ್ಷ ನಾ ಸೋಮವಾರ ಒಪ್ಪತ್ತು ಮಾಡೇನಿ. ನೀ ಗ್ವಾಡಿಗೆ ಮುಖ ಮಾಡಿ ಮಕ್ಕೊಂಡಿದ್ರ, ತಮ್ಮಗ ಎಚ್ಚರಾದೀತಂತ ಉಸಿರು ಹಿಡಕೊಂಡು ಹೊರಗ ಬಂದೇನಿ. ನೀ ನನ್ನ ಕ್ಷಮಾ ಮಾಡ್ತೀ? ನಡಿ ಹೊರಗ!" ಎಂದು ಬನ್ನಿಯನ್ನು ನನ್ನ ಕೈಗೇ ತಿರುಗಿ ಹಾಕಿದ.

ಹುಟ್ಟಿದಾಗಿನಿಂದ ಅಣ್ಣ ನನಗೆ ಅಂಥ ಮಾತು ಆಡಿದವನಲ್ಲ. ಚಕ್ರದ ಮಾತು ಬಿಡಿ, ನನ್ನ ಎದೆಯೇ ಹಿಂಡಿಹೋಯಿತು. ಇಷ್ಟು ದಿನ ನಾನು ಬಿಟ್ಟಿದ್ದೇನೆಂದುಕೊಂಡ ಅಣ್ಣನನ್ನು ಅಂದು ಖರೇ ಕಳೆದುಕೊಂಡಿದ್ದೆ.

"ಮೂರು ವರ್ಷ ನಾ ಬೆನ್ನಿನ ನೆವ ಹೇಳಿ ಹೊಲದದ್ದನ್ನ ಮೂರು ಮಿನಿಟಿನ್ಯಾಗ ಪರ್ ಅಂತ ಹರದ್ರಿ," ಎಂದಳು ರಜನಿ.

"ಈಗೇನು ಮಾಡೂದ?"

"ನೀವೇನೂ ಮಾಡಬ್ಯಾಡ್ರಿ. ಮಾಡಿದ್ದು ಸಾಕು."

ಮರುದಿನ ಬೆಳಿಗ್ಗೆ ಗೇಟಿನ ಸಪ್ಪಳವಾಯಿತು. ಕಿಟಕಿಯಲ್ಲಿ ಇಣುಕಿದರೆ ಅಣ್ಣ! ಒಂದು ಕೈಯಲ್ಲಿ ಮೋಸಂಬಿ, ಇನ್ನೊಂದರಲ್ಲಿ ಎಳನೀರು. ರಜನಿ ನನ್ನನ್ನು ಹಾಸಿಗೆಗೆ ನೂಕಿ ಕುತ್ತಿಗೆಯವರೆಗೆ ಚಾದರ ಹೊದಿಸಿದಳು.

"ಧ್ಯಾನ ಹೆಚ್ಚಾಗಿ ನಿಮ್ಮ ತಲಿ ಕೆಟ್ಟೈತಿ, ಖಬರಿಲ್ಲದ ಏನೇನೋ ಮಾತಾಡ್ತೀರಿ ಅಂತ ಫೋನ್ ಮಾಡಿ ಹೇಳೇನಿ."

"ಮತ್ತ ಬೆನ್ನು?"

"ಬೆನ್ನಾಗಿನ ಬ್ಯಾನಿ ತಲಿಗೇರೇತಿ ಅಂದೇನಿ. ಅಣ್ಣ ಬೇಕಾಗಿದ್ರ ಮಿಸುಕಬ್ಯಾಡ್ರಿ."

ಅಣ್ಣ ಬಂದು ಹಾಸಿಗೆಯ ಅಂಚಿಗೆ ಕುಳಿತ. ಕಣ್ಣು ಕೆಂಪಾಗಿದ್ದವು. ಅಂಗೈಯನ್ನು ಮೆಲ್ಲಗೆ ನನ್ನ ಎದೆಯ ಮೇಲಿಟ್ಟ. ನಾನು ಶುದ್ಧ ಶಾಣ್ಯಾ ಮನುಷ್ಯ, ಎಲ್ಲರಿಗಿಂತ ನೆಟ್ಟಗಿದ್ದೇನೆ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅವನ ಹಿಂದೆ ನಿಂತ ರಜನಿ ಕಣ್ಣು ಬಿಟ್ಟಳು. ಮಾತು ನುಂಗಿಕೊಂಡು, ಎಡಗಾಲನ್ನು ಬಲಗಾಲಿನಿಂದ ಅದುಮಿ ಹಿಡಿದು, ಸುಮ್ಮನೆ ಮಲಗಿದೆ.

ಕೂಸಿಗೆ ಕೇಳುವಂತೆ ಅಣ್ಣ ಬಾಗಿ ಕೇಳಿದ. "ತಮ್ಮಾ... ನಾ ಯಾರು? ಗುರ್ತ ಸಿಗತೈತೇನು?"

"ಅಣ್ಣಾ," ಎಂದೆ.

"ಗುರ್ತ ಹಿಡದ! ರಜನಿ, ಗುರ್ತ ಹಿಡದ ನೋಡವಾ!" ಎಂದು ಕುಬೇರಪ್ಪ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.